ಅವಸರದಾಗ ಇದ್ದಾರಂತ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಮ್ಮ ಟಿವಿ ಆಗ ಪಡಸಾಲೆಯ ಯಾವ ಗೋಡೆಗಿತ್ತು, ಆ ರಾತ್ರಿ ಯಾರು ಮೊದಲು ಮಾತಾಡಿದರು, ಅವ್ವ ಎಲ್ಲಿದ್ದಳು... ಇವನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೆಂದರೆ, ಈಗ ನೆನಪಾಗುತ್ತಿರುವುದು ನಡೆದದ್ದೋ ಅಥವಾ ಹಿಂದಿನ ಸಲ ನಾನು ನೆನೆಸಿಕೊಂಡದ್ದೋ ಹೇಳಲಾರೆ. ದಿನಚರಿ ಬರೆಯುವ ರೂಢಿ ಬಂದದ್ದು ಎಂ.ಎ. ಓದಲು ಧಾರವಾಡಕ್ಕೆ ಹೋದ ಮೇಲೆ. ಅದಕ್ಕೂ ಹಿಂದಿನದಕ್ಕೆ ನನ್ನ ತಲೆಯೊಂದೇ ಸಾಕ್ಷಿ. ಆ ಸಾಕ್ಷಿಯನ್ನು ನಾನು ಪೂರ್ತಿ ನಂಬುವುದಿಲ್ಲ.

ಕಳೆದ ತಿಂಗಳು ಬಾಗಲಕೋಟೆಯ ನವನಗರದಲ್ಲಿ ಒಂದು ಮುರುಕು ಮಂಚ ಮಾರಲು ಗುಜರಿ ಅಂಗಡಿಗೆ ಹೋಗಿದ್ದೆ. ಅಲ್ಲಿ ಕಟ್ಟಿಗೆಯ ಪಟ್ಟಿಗಳ ಷಟರ್ ಇದ್ದ ಹಳೆಯ ಟಿವಿ ಪೆಟ್ಟಿಗೆಯೊಂದು ಬಿಸಿಲಿಗೆ ಬಿದ್ದಿತ್ತು. ಒಳಗೆ ಟಿವಿ ಇರಲಿಲ್ಲ, ಅಂಗಡಿಯವನು ತನ್ನ ಊಟದ ಡಬ್ಬಿ ಇಟ್ಟುಕೊಂಡಿದ್ದ. ಸುಮ್ಮನೆ ಷಟರ್ ಸರಿಸಿದೆ. ಅದು ಕರಕರ ಎಂದಿತು. ಅದರ ಹಿಂದೆಯೇ ಕಾದ ಧೂಳು, ಪಾಲಿಶು, ಡಾಂಬರ ಗುಳಿಗೆ ಬೆರೆತ ವಾಸನೆ ಬಂತು. ಮಂಚದ ವ್ಯವಹಾರ ಅಲ್ಲಿಗೇ ಬಿಟ್ಟು ಮನೆಗೆ ಬಂದೆ. ಕಾಕುವನ್ನು ನಾನು ನೆನೆಯದೆ ಬಹಳ ವರ್ಷವಾಗಿದ್ದವು. ಅಥವಾ ನೆನೆಯದಂತೆ ನೋಡಿಕೊಂಡಿದ್ದೆ.

ಕಾಕು ನಮ್ಮ ಸಂಬಂಧಿಕರಲ್ಲ. ಹಳೆಯ ಬಾಗಲಕೋಟೆಯ ಓಣಿಯಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಅವರದು. ಆ ಓಣಿಯ ಅರ್ಧಕ್ಕೆ ಈಗ ಹಿನ್ನೀರು ಬಂದು ನಿಲ್ಲುತ್ತದೆ. ಅವ್ವ ಅವರನ್ನು ವೈನಿ ಎನ್ನುತ್ತಿದ್ದಳು, ನಮಗೆಲ್ಲ ಅವರು ಕಾಕು. ಮದುವೆ, ಮುಂಜಿವೆಗಳಿಗೆ ಚಕ್ಕುಲಿ, ಉಂಡಿ ಮಾಡಿಕೊಟ್ಟು ಒಬ್ಬರೇ ಇರುತ್ತಿದ್ದರು. ಮಕ್ಕಳಿರಲಿಲ್ಲ. ಹುನಗುಂದದಿಂದ ಅವರ ಭಾವನವರು, ಅಂದರೆ ಗಂಡನ ಅಣ್ಣ, ಸುಗ್ಗಿಗೆ ಜೋಳದ ಚೀಲ ಕಳಿಸುತ್ತಿದ್ದರು. ಹಣೆಯ ಮೇಲೆ ದೊಡ್ಡ ಕುಂಕುಮ, ಕೈ ತುಂಬ ಹಸಿರು ಬಳೆ. ಗಂಡ ಮಾತ್ರ ಮನೆಯಲ್ಲಿರಲಿಲ್ಲ.

ಕಾಕಾ ಅರಳೆ ಅಡತಿಯ ಅಂಗಡಿಯಲ್ಲಿ ಗುಮಾಸ್ತರಾಗಿದ್ದರಂತೆ. ಎಪ್ಪತ್ತರ ದಶಕದ ಆರಂಭದಲ್ಲಿ ಒಂದು ದಿನ ಬೆಳಿಗ್ಗೆ, ಬಾದಾಮಿಗೆ ಹೋಗಿ ಬನಶಂಕರಿ ದರ್ಶನ ಮಾಡಿಕೊಂಡು ಸಂಜೆ ಗಾಡಿಗೆ ಬರುತ್ತೇನೆ ಎಂದು ಹೇಳಿ ರೈಲು ಹತ್ತಿದರು. ಅದೇ ಡಬ್ಬಿಯಲ್ಲಿದ್ದ ನಮ್ಮ ಓಣಿಯವರೊಬ್ಬರು ಬಾದಾಮಿಯಲ್ಲಿ ಇಳಿಯುವಾಗ, "ಏಳ್ರೀ, ಬಾದಾಮಿ ಬಂತು" ಎಂದರಂತೆ. ಕಿಟಕಿಯ ಹತ್ತಿರ ಕೂತಿದ್ದ ಕಾಕಾ, "ಹೂಂ, ನೀವು ನಡೀರಿ, ಬಂದೆ" ಎಂದರಂತೆ. ಗಾಡಿ ಬಿಟ್ಟಿತು. ಅವರು ಇಳಿಯಲಿಲ್ಲ. ಜಗಳವಾಗಿರಲಿಲ್ಲ, ಅಂಗಡಿಯಲ್ಲಿ ಏನೂ ಹೆಚ್ಚು ಕಡಿಮೆಯಾಗಿರಲಿಲ್ಲ, ಮೈಯಲ್ಲಿ ಬೇನೆ ಇರಲಿಲ್ಲ. ಓಣಿಯವರು ವರ್ಷಗಟ್ಟಲೆ ಕಾರಣ ಹುಡುಕಿ ಸೋತರು.

ನನಗೆ ಆಗ ಬುದ್ಧಿ ಬಂದಿರಲಿಲ್ಲ. ಕಾಕಾ ಎಂದರೆ ನನಗೆ ಅವರ ಮನೆಯ ಗೋಡೆಯಲ್ಲಿದ್ದ ಒಂದು ಫೋಟೋ. ಬಲಗೈಯನ್ನು ಎದೆಯ ಮೇಲಿಂದ ದಾಟಿಸಿ ಎಡಭುಜವನ್ನು ಹಿಡಿದುಕೊಂಡು ನಿಂತಿದ್ದರು, ಚಳಿಯಾದವರ ಹಾಗೆ. ಎಲ್ಲಿ ನಿಂತರೂ ಹಾಗೇ ನಿಲ್ಲುತ್ತಿದ್ದರು ಎಂದು ಅವ್ವ ಹೇಳುತ್ತಿದ್ದಳು. ಅದೇ ಅವರ ಖೂನ. ಗುರುತಿಗೆ ನಮ್ಮ ಕಡೆ ಖೂನ ಎನ್ನುತ್ತಾರೆ.

ಎಂಬತ್ತರ ದಶಕದ ನಡುವೆ ಊರಿಗೆ ಟಿವಿ ಟವರ್ ಬಂತು. ಓಣಿಯಲ್ಲಿ ಮೊದಲ ಟಿವಿ ನಮ್ಮದು, ಅಂಥದೇ ಷಟರಿನ ಪೆಟ್ಟಿಗೆಯಲ್ಲಿ. ಆ ಟವರಿಗೆ ಬರುತ್ತಿದ್ದದ್ದು ದಿಲ್ಲಿಯದು ಮಾತ್ರ, ಕನ್ನಡ ಬೆಂಗಳೂರಿನವರ ಟಿವಿಯಲ್ಲಿ ಇತ್ತಂತೆ. ರಾತ್ರಿ ಎಂಟೂವರೆ ದಾಟಿದ ಮೇಲೆ ದೇಶಕ್ಕೆಲ್ಲ ಒಂದೇ ಹಿಂದಿ ಸುದ್ದಿ. ನಮ್ಮ ಪಡಸಾಲೆ ತುಂಬುತ್ತಿತ್ತು. ಯಾರಿಗೂ ಹಿಂದಿ ಬರುತ್ತಿರಲಿಲ್ಲ, ಯಾರೂ ಎದ್ದು ಹೋಗುತ್ತಲೂ ಇರಲಿಲ್ಲ.

ಅರ್ಥ ಹೇಳುವವರು ಇಬ್ಬರಿದ್ದರು. ಎದುರು ಮನೆಯ ಟೇಲರ್ ಚಾಚಾ ಒಬ್ಬರು. ಮನೆಯಲ್ಲಿ ಉರ್ದು ಆಡುವವರೆಂದು ಎಲ್ಲರೂ ಅವರನ್ನು ಮುಂದೆ ಕೂಡಿಸಿದ್ದರು. ಮೊದಲ ದಿನವೇ ಅವರು ಕೈಚೆಲ್ಲಿದರು. "ಇದು ನಮ್ಮ ಹಿಂದಿ ಅಲ್ರೀ, ಇದು ನಿಮ್ಮ ಭಟ್ಟರ ಹಿಂದಿ. ನಮ್ಮ ಮನ್ಯಾಗ ಹಿಂಗ ಮಾತಾಡಿದ್ರ ಉಣ್ಣಾಕ ಹಾಕೂದಿಲ್ಲ" ಎಂದರು. ಆ ಸುದ್ದಿಯಲ್ಲಿ ಸಂಸ್ಕೃತದ ದೊಡ್ಡ ದೊಡ್ಡ ಮಾತುಗಳೇ ಬರುತ್ತಿದ್ದವು. ಅವು ಕಾಕುವಿನ ಪಾಲಾದವು. ಸ್ತೋತ್ರ, ಪುರಾಣ ಕೇಳಿ ಬೆಳೆದ ಕಾಕು ಅವನ್ನು ಹಿಡಿದು ಕನ್ನಡದ ಅರ್ಥ ಹಚ್ಚುತ್ತಿದ್ದರು. ಕ್ರಿಯಾಪದ ಚಾಚಾನವು, ನಾಮಪದ ಕಾಕುನವು. ಇಬ್ಬರೂ ಕೂಡಿ ದಿನಾ ಒಂದು ಹೊಸ ದೇಶವನ್ನೇ ಕಟ್ಟುತ್ತಿದ್ದರು.

ಒಂದು ದಿನ ಶಿಕ್ಷಾ ಮಂತ್ರಿ ಎಂದು ಬಂತು. ಕಾಕು ಗದ್ದಕ್ಕೆ ಕೈ ಹಚ್ಚಿ, "ಕೇಳಿದ್ರೇನು ಚಾಚಾ, ದಿಲ್ಲ್ಯಾಗ ಶಿಕ್ಷಾ ಕೊಡ್ಲಿಕ್ಕೇ ಒಬ್ಬ ಮಂತ್ರಿ ಇದ್ದಾನಂತ" ಎಂದರು.

"ಇರಬೇಕಲ್ರೀ ಬಾಯಾರ. ನಮ್ಮ ದೊಡ್ಡಾಂವನ್ನ ಅವನ ಕಡೆ ಕಳಸ್ತೀನಿ. ಹತ್ತನೇತ್ತ ಪಾಸ್ ಆಗವಲ್ಲ."

ಹಾಗೆಯೇ ಇಸ್ ಅವಸರ್ ಪರ್ ಎಂಬ ಮಾತು. ಯಾವ ಮಂತ್ರಿ ಎಲ್ಲಿ ಏನು ಹೇಳಿದರೂ ಸುದ್ದಿ ಓದುವವರು ಅದನ್ನು ಸೇರಿಸುತ್ತಿದ್ದರು. ಕಾಕು ತಲೆಯಾಡಿಸುತ್ತಿದ್ದರು. "ಮತ್ತ ಅವಸರ. ಈ ದಿಲ್ಲಿ ಮಂದಿಗೆ ಕೂತು ಉಣ್ಲಿಕ್ಕೂ ಪುರಸೊತ್ತಿಲ್ಲ ಕಾಣಸ್ತದ." ಸಾಲೆಯಲ್ಲಿ ಮೂರನೇ ಭಾಷೆಯಾಗಿ ಹಿಂದಿ ಕಲಿಯುತ್ತಿದ್ದ ನಾನು ಒಮ್ಮೆ ಬಾಯಿ ಹಾಕಿದೆ. ಅವಸರ ಅಂದ್ರ ಹಿಂದಿಯೊಳಗ ಸಂದರ್ಭ ಅಂತ ಕಾಕು, ಎಂದೆ. "ಅದು ನಿಮ್ಮ ಸಾಲಿ ಹಿಂದಿ. ಇದು ದಿಲ್ಲಿ ಹಿಂದಿ" ಎಂದರು. ಪಡಸಾಲೆಗೆ ಪಡಸಾಲೆಯೇ ನಕ್ಕಿತು. ನಾನೂ ನಕ್ಕಿದ್ದೆ ಎಂದುಕೊಂಡಿದ್ದೇನೆ.

ಆ ಕಾಲದ ಕಾಕು ನಗುವ ಹೆಂಗಸಾಗಿದ್ದರು. ಇದನ್ನು ಒತ್ತಿ ಬರೆಯಬೇಕು ಅನ್ನಿಸುತ್ತದೆ, ಯಾಕೆಂದರೆ ನನ್ನ ತಂಗಿ ತಮ್ಮಂದಿರಿಗೆ ಅವರ ನಗು ನೆನಪಿಲ್ಲ.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಹುನಗುಂದದಿಂದ ಭಾವನವರು ಬಂದರು. ಗಂಡಸರಿಲ್ಲದ ತಮ್ಮನ ಮನೆಯಲ್ಲಿ ಅವರು ಕೂಡುತ್ತಿರಲಿಲ್ಲ. ನಮ್ಮ ಪಡಸಾಲೆಗೆ ಬಂದು ಗೋಡೆಗೆ ಆತು ಕೂಡುವುದು ರೂಢಿ. ಭಾವನೊಂದಿಗೆ ತಮ್ಮನ ಹೆಂಡತಿ ಎದುರು ನಿಂತು ಮಾತಾಡುವ ಹಾಗಿರಲಿಲ್ಲ. ಕಾಕು ಅಡಿಗೆ ಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದರು. ಅವ್ವ ಹೊಸ್ತಿಲ ಮೇಲೆ ನಿಂತು ಆ ಕಡೆಯ ಮಾತನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ದಾಟಿಸುತ್ತಿದ್ದಳು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿತ್ತು. ಆದರೂ ಅವ್ವ ಹೇಳುವತನಕ ಅದು ಹೇಳಿದ ಹಾಗಾಗುತ್ತಿರಲಿಲ್ಲ.

"ಅಕಿಗೆ ಹೇಳವಾ ತಂಗಿ, ದೀಪಾವಳಿಗೆ ಹನ್ನೆರಡು ವರ್ಷ ತುಂಬತಾವ" ಎಂದರು ಭಾವನವರು. "ಇನ್ನ ಸುಮ್ಮನ ಕೂಡೂದು ಛಲೋ ಅಲ್ಲ."

ಹನ್ನೆರಡು ವರ್ಷ ಸುದ್ದಿ ಇಲ್ಲದವರಿಗೆ ನಮ್ಮಲ್ಲಿ ಒಂದು ವಿಧಿ ಇದೆ. ದರ್ಭೆಯಿಂದ ಆಳು ಮಾಡಿ, ಹೊಳೆಯ ದಂಡೆಯಲ್ಲಿ ಅದಕ್ಕೆ ಬೆಂಕಿ ಕೊಡುತ್ತಾರೆ. ಅಲ್ಲಿಂದ ಆ ಮನುಷ್ಯ ಸತ್ತವನು, ಅವನ ಹೆಂಡತಿ ವಿಧವೆ. ಕುಂಕುಮ, ಬಳೆ ಹೋಗುತ್ತವೆ, ಅರಿಷಿಣ ಕುಂಕುಮಕ್ಕೆ ಯಾರೂ ಕರೆಯುವುದಿಲ್ಲ. ಭಾವನವರು ಕೆಟ್ಟವರಲ್ಲ. ಅವರ ಕಣ್ಣಲ್ಲಿ ನೀರಿತ್ತು. "ನನ್ನ ತಮ್ಮ ಸತ್ತಿದ್ರ ಇಷ್ಟು ವರ್ಷದಿಂದ ಪಿಂಡ ಇಲ್ಲದ, ನೀರಿಲ್ಲದ ತಿರಗ್ಯಾಡ್ಲಿಕ್ಕತ್ತಾನ. ನನಗ ತುತ್ತು ಗಂಟಲದಾಗ ಇಳಿಯಂಗಿಲ್ಲ" ಎಂದರು.

ಬಾಗಿಲ ಹಿಂದಿನಿಂದ ಏನೋ ಕೇಳಿತು. ಅವ್ವ ಅದನ್ನು ದಾಟಿಸಿದಳು. "ಅವರು ಇದ್ರ ಏನು ಮಾಡೂದು ಅಂತ ಕೇಳ್ತಾರ್ರಿ."

"ಇದ್ರ ಅವನ ಆಯುಷ್ಯ ಹೆಚ್ಚಾಗ್ತದ ಅಂದಾರ ಆಚಾರ್ಯರು."

ಅವ್ವ ಬಾಗಿಲ ಕಡೆ ಕಿವಿಗೊಟ್ಟಳು. ಆಮೇಲೆ ಅವ್ವ, "ಆಗಲಿ ಅಂದ್ರು" ಎಂದಳು.

ಆ ದಿನಗಳಲ್ಲಿ ಕಾಕು ಅತ್ತದ್ದು ನನಗೆ ನೆನಪಿಲ್ಲ. ಅವರ ಅಕ್ಕ ಇಳಕಲ್ಲಿನಲ್ಲಿ, ಸೀರೆ ಖರೀದಿಗೆ ಬರುವ ವ್ಯಾಪಾರಿಗಳಿಗೆ ಖಾನಾವಳಿ ನಡೆಸುತ್ತಿದ್ದರು. ವಿಧಿ ಮುಗಿದ ಮೇಲೆ ಮನೆಗೆ ಕೀಲಿ ಹಾಕಿ ಅಲ್ಲಿಗೆ ಹೋಗುವುದೆಂದು ಕಾಕು ನಿಶ್ಚಯಿಸಿದ್ದರು. ದಿನಾ ಸಂಜೆ ಅವ್ವನ ಹತ್ತಿರ ಅದೇ ಮಾತು... ಹೋಳಿಗೆಗೆ ಅಲ್ಲಿ ಗಿರಾಕಿ ಇದ್ದಾರಂತೆ, ಅಕ್ಕನಿಗೆ ಪುಂಡಿಪಲ್ಲೆ ಹದ ಬರುವುದಿಲ್ಲವಂತೆ. ಒಮ್ಮೆ ಅಕ್ಕಿ ಆರಿಸುತ್ತ ಹೇಳಿದ ಮಾತೊಂದು ನನಗೆ ಕಿವಿಯಲ್ಲಿ ಉಳಿದಿದೆ. "ಕುಂಕುಮ ಹೋದ್ರ ಹೋಗಲಿ ತಂಗಿ. ಈ ಕಾಯೂದರೆ ಹೋಗ್ತದಲ್ಲ."

ಹೀಗೇ ಅಂದರೋ, ಅರ್ಥ ಇದೇ ಇತ್ತೋ ಗೊತ್ತಿಲ್ಲ. ಅವ್ವ ಅಕ್ಕಿಯ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು.

ಇದಾದದ್ದು ದಸರೆ ಮುಗಿದು ದೀಪಾವಳಿ ಇನ್ನೂ ಬರದ ದಿನಗಳಲ್ಲಿ. ಎಂದಿನಂತೆ ಸುದ್ದಿ ಹತ್ತಿತ್ತು. ಅಪ್ಪ ಮೂಲೆಯಲ್ಲಿ ಪೇಪರು ಹಿಡಿದಿದ್ದ. ಚಾಚಾ ಚಷ್ಮಾ ಒರೆಸುತ್ತಿದ್ದರು. ಕಾಕು ಮಣೆಯ ಮೇಲೆ ಕೂತಿದ್ದರು. ಯಾವುದೋ ಊರಲ್ಲಿ ಯಾವುದೋ ಸೇತುವೆಯೋ ಕಾಲುವೆಯೋ, ಅದರ ಉದ್ಘಾಟನೆ. ಮಂತ್ರಿಯೊಬ್ಬರು ಪಟ್ಟಿ ಕತ್ತರಿಸುತ್ತಿದ್ದರು. ಹಿಂದೆ ಬಿದಿರಿನ ಗಳ ಕಟ್ಟಿ ನಿಲ್ಲಿಸಿದ ಜನ. ಸುದ್ದಿ ಓದುವಾಕೆ ಇಸ್ ಅವಸರ್ ಪರ್ ಎಂದಳು.

ಕಾಕು ಎದ್ದು ನಿಂತರು. "ಅವರು" ಎಂದರು.

ಕೂಗಲಿಲ್ಲ. ಮನೆಯಲ್ಲಿ ಹುಡುಕುತ್ತಿದ್ದ ವಸ್ತು ಸಿಕ್ಕಿದಾಗ ಅನ್ನುವ ಹಾಗೆ ಅಂದರು. ಎರಡು ಹೆಜ್ಜೆ ಮುಂದೆ ಹೋಗಿ ಗಾಜಿನ ಮೇಲೆ ಬೆರಳಿಟ್ಟರು. ಅಷ್ಟರಲ್ಲಿ ಆ ಚಿತ್ರ ಹೋಗಿ, ಇನ್ನೇನೋ ಸುದ್ದಿಗೆ ಒಂದು ನಕಾಶೆ ಬಂದಿತ್ತು. ಅವರ ಬೆರಳು ಸಮುದ್ರದ ಮೇಲಿತ್ತು.

"ಯಾರ್ರೀ ಬಾಯಾರ?" ಎಂದರು ಚಾಚಾ.

"ನಮ್ಮವರು. ಬಲಕ್ಕ, ಗಳದ ಹತ್ತಿರ. ಭುಜದ ಮ್ಯಾಲೆ ಕೈ ಇಟ್ಕೊಂಡು ನಿಂತಿದ್ರು. ಯಾರೂ ನೋಡ್ಲಿಲ್ಲೇನು?"

ಯಾರೂ ನೋಡಿರಲಿಲ್ಲ. ಅಪ್ಪ ಪೇಪರು ಮಡಿಚಿದ. ಚಾಚಾ ಚಷ್ಮಾ ಹಾಕಿಕೊಂಡರು. ನಾನು ಮಂತ್ರಿಯನ್ನು ನೋಡುತ್ತಿದ್ದೆ. ಟಿವಿಯಲ್ಲಿ ಮಂತ್ರಿ ಬಂದರೆ ಎಲ್ಲರೂ ನೋಡುವುದು ಮಂತ್ರಿಯನ್ನೇ. ಈಗಿನ ಹಾಗೆ ಹಿಂದಕ್ಕೆ ತಿರುಗಿಸಿ ನೋಡುವ ಕಾಲವಲ್ಲ, ಹೋದದ್ದು ಹೋಯಿತು. ಕಾಕು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು. ಆ ದೃಷ್ಟಿಗೆ ಎಲ್ಲರೂ ತಲೆ ಬಗ್ಗಿಸಿದೆವು.

ಆಗ ಅಡಿಗೆ ಮನೆಯ ಬಾಗಿಲಿಂದ ಅವ್ವನ ದನಿ ಬಂತು. "ನಾ ನೋಡಿದೆ, ವೈನಿ."

ಅವಳ ಕೈಗೆಲ್ಲ ಜೋಳದ ಹಿಟ್ಟು ಹತ್ತಿತ್ತು.

ಇಲ್ಲಿ ನನ್ನ ನೆನಪು ಎರಡಾಗುತ್ತದೆ. ಒಂದರಲ್ಲಿ ಕಾಕು ಏಳುವವರೆಗೂ ಒಳಗೆ ಭಕ್ಕರಿ ಬಡಿಯುವ ಸದ್ದು ಕೇಳುತ್ತಲೇ ಇತ್ತು. ಒಲೆಯ ಮುಂದೆ ಕೂತವಳಿಗೆ ಟಿವಿ ಕಾಣಲು ಸಾಧ್ಯವಿರಲಿಲ್ಲ, ಅದರ ಬೆನ್ನು ಅಡಿಗೆ ಮನೆಯ ಕಡೆಗಿತ್ತು. ಇನ್ನೊಂದರಲ್ಲಿ ಟಿವಿ ಎದುರು ಗೋಡೆಗೆ ಬಂದಿದೆ. ನವರಾತ್ರಿಗೆ ಘಟ್ಟ ಹಾಕಲು, ಅಂದರೆ ದೇವಿಯ ಕಳಸ ಕೂಡಿಸಲು, ಜಾಗ ಬೇಕೆಂದು ಒಂದು ದಸರೆಯಲ್ಲಿ ಅದನ್ನು ಎತ್ತಿಟ್ಟದ್ದು ನಿಜ. ಆಮೇಲೆ ಅದು ಅಲ್ಲೇ ಉಳಿಯಿತು, ಬಾಗಿಲಲ್ಲಿ ನಿಂತರೆ ಚೆನ್ನಾಗಿ ಕಾಣುತ್ತಿತ್ತು. ಅದು ಆ ದಸರೆಯೋ ಮುಂದಿನ ವರ್ಷದ ದಸರೆಯೋ... ಅಪ್ಪನನ್ನು ಕೇಳಬಹುದಿತ್ತು, ಅವನಿದ್ದಾಗ ನನಗೆ ಕೇಳಬೇಕೆಂದು ತೋಚಲಿಲ್ಲ.

ಕಾಕು ಅವ್ವನ ಹಿಟ್ಟಿನ ಕೈಗಳನ್ನು ಹಿಡಿದುಕೊಂಡರು. "ಕೇಳಿಸ್ತೇನು ತಂಗಿ, ಅವಸರದಾಗ ಇದ್ದಾರಂತ. ಅಕಿ ಹೇಳಿದ್ಲಲ್ಲ. ಅವಸರದಾಗ ಇದ್ದಾರಂತ, ಅದಕ್ಕ ಬರ್ಲಿಕ್ಕಾಗಿಲ್ಲ" ಎಂದರು. ಅವಸರ ಎಂದರೆ ಏನೆಂದು ಯಾರೂ ತಿದ್ದಲಿಲ್ಲ. ಚಾಚಾ ಎದ್ದು ಚಪ್ಪಲಿ ಹುಡುಕತೊಡಗಿದರು.

ಸುದ್ದಿ ತಿಳಿದು ಭಾವನವರು ಮೊದಲ ಬಸ್ಸಿಗೇ ಬಂದರು. ಕಾಕು ಬಾಗಿಲ ಹಿಂದೆ, ಅವ್ವ ಹೊಸ್ತಿಲ ಮೇಲೆ. ಆದರೆ ಅವತ್ತು ಅವರು ಬಾಗಿಲ ಕಡೆಗೆ ಏನೂ ಕೇಳಲಿಲ್ಲ, ಅವ್ವನನ್ನೇ ಕೇಳಿದರು.

"ಖೂನ ಸಿಕ್ತೇನವಾ ನಿನಗ?"

"ಹೂಂ ರೀ."

"ಹೆಂಗ ನಿಂತಿದ್ದ?"

"ಎಡಭುಜದ ಮ್ಯಾಲೆ ಬಲಗೈ ಇಟ್ಕೊಂಡು."

ಭಾವನವರು ಧೋತರದ ಚುಂಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ದೊಡ್ಡ ಗಂಡಸೊಬ್ಬರು ಹಾಗೆ ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. "ಇದ್ದಾನಲ್ಲ, ಸಾಕು. ಎಲ್ಲೆರೆ ಇರಲಿ" ಎಂದರು. ಎಡಭುಜ, ಬಲಗೈ ಎಲ್ಲ ಆ ಫೋಟೋದಲ್ಲೇ ಇತ್ತು, ಅದನ್ನು ಓಣಿಯ ಕೂಸೂ ಹೇಳುತ್ತಿತ್ತು ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಅವರಿಗೂ ಹೊಳೆದಿರಬಹುದು. ಊರು ಯಾವುದು ಎಂದು ಕೇಳಿದರು. ಅದು ಯಾರಿಗೂ ಗೊತ್ತಿರಲಿಲ್ಲ. ಹರ್ಯಾಣಾ ಅಂದಂಗಾತು ಎಂದರು ಚಾಚಾ, ಹರಿದ್ವಾರವೂ ಇರಬಹುದು ಎಂದರು. ಭಾವನವರು ದಿಲ್ಲಿಯ ಟಿವಿಯವರಿಗೆ ಪತ್ರ ಬರೆಸಿ ಹಾಕಿದರು. ಏನೂ ಬರಲಿಲ್ಲ. ವಿಧಿ ನಿಂತಿತು.

ಅಕ್ಕ ಇಳಕಲ್ಲಿನಿಂದ ತಾನೇ ಕರೆಯಲು ಬಂದರು. ವಿಧಿ ಇಲ್ಲದಿದ್ದರೆ ಬಿಡು, ಖಾನಾವಳಿಗೆ ಬಾ, ಎಂಟು ದಿನ ಇದ್ದು ನೋಡು ಎಂದರು. ಕಾಕು, "ಅಲ್ಲೆ ಟಿವಿ ಇಲ್ಲ" ಎಂದರು. ಅಕ್ಕ ಮುಂದಿನ ಬಸ್ಸಿಗೆ ಹೋದರು. ಮುಂದೆ ಅಲ್ಲಿಗೆ ಬೇರೆ ಹೆಂಗಸನ್ನು ಇಟ್ಟುಕೊಂಡರೆಂದು ಕೇಳಿದೆವು.

ಅಲ್ಲಿಂದ ಶುರುವಾದದ್ದನ್ನು ಬರೆಯುವುದು ನನಗೆ ಕಷ್ಟ, ಯಾಕೆಂದರೆ ಅದರಲ್ಲಿ ಏನೂ ನಡೆಯಲಿಲ್ಲ. ಕಾಕು ದಿನಾ ಬಂದರು. ಎಲ್ಲರಿಗಿಂತ ಮುಂದೆ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಕೂತರು. ಮಾತು ಕೇಳುವುದನ್ನು ಬಿಟ್ಟರು. ಮಂತ್ರಿಯನ್ನು ನೋಡುತ್ತಿರಲಿಲ್ಲ, ಓದುವವಳನ್ನು ನೋಡುತ್ತಿರಲಿಲ್ಲ. ಗುಂಪು ಬಂದಾಗ ಮಾತ್ರ ಅವರ ತಲೆ ಎಡದಿಂದ ಬಲಕ್ಕೆ ಹೋಗುತ್ತಿತ್ತು, ಗುಂಪು ಹೋದರೆ ನಿಂತುಬಿಡುತ್ತಿತ್ತು. ಒಮ್ಮೆ ಚಾಚಾ ಮೊದಲಿನಂತೆ, "ಬಾಯಾರ, ನಿಮ್ಮ ಶಿಕ್ಷಾ ಮಂತ್ರಿ ಬಂದಾನ ನೋಡ್ರಿ" ಎಂದು ಕೆಣಕಿದರು. ಕಾಕು ಕೈಯೆತ್ತಿ ಸುಮ್ಮನಿರಲು ಸನ್ನೆ ಮಾಡಿದರು. ಮುಂದೆ ಚಾಚಾನ ಮನೆಗೂ ಟಿವಿ ಬಂತು. ಒಬ್ಬೊಬ್ಬರ ಮನೆಗೂ ಬಂತು. ನಮ್ಮ ಪಡಸಾಲೆಯಲ್ಲಿ ಉಳಿದವರು ಕಾಕು ಒಬ್ಬರೇ.

ದೊಡ್ಡವರು ಯಾರಾದರೂ ತೀರಿಕೊಂಡರೆ ಟಿವಿಯಲ್ಲಿ ಇಡೀ ದಿನ ಮೆರವಣಿಗೆ ತೋರಿಸುತ್ತಿದ್ದರು. ಕಾಕು ಇಡೀ ದಿನ ಏಳುತ್ತಿರಲಿಲ್ಲ, ಉಣ್ಣುತ್ತಿರಲಿಲ್ಲ. ಎಲ್ಲೋ ರೈಲು ಬಿದ್ದು, ಹಳಿಯ ಪಕ್ಕ ಬಿಳಿ ಬಟ್ಟೆ ಹೊದಿಸಿ ಸಾಲಾಗಿ ಮಲಗಿಸಿದ್ದನ್ನು ತೋರಿಸಿದರೆ, ಆ ಸಾಲನ್ನೂ ಅದೇ ಕಣ್ಣಿನಿಂದ ನೋಡುತ್ತಿದ್ದರು. ಕರೆಂಟು ಹೋದರೆ ಕತ್ತಲಲ್ಲಿ ಓಡುತ್ತ ಪಕ್ಕದ ಓಣಿಗೆ, ಅಲ್ಲಿಯೂ ಇಲ್ಲವೆಂದರೆ ವಾಪಸು. ತಪ್ಪಿಹೋದ ಆ ಸುದ್ದಿಯಲ್ಲೇ ಅವರು ಬಂದಿದ್ದರೆ ಎಂಬ ಸಂಕಟದಲ್ಲಿ ನಿದ್ದೆ ಮಾಡುತ್ತಿರಲಿಲ್ಲ. ಉಂಡಿ ಕಟ್ಟಲು ಕರೆದರೆ ಸಂಜೆಯೊಳಗೆ ಬಿಡುವಿರಾ ಎಂದು ಕೇಳುತ್ತಿದ್ದರು. ಕರೆಯುವವರು ಕಡಿಮೆಯಾದರು. ಕಾಯುವುದಾದರೂ ಹೋಗುತ್ತದಲ್ಲ ಎಂದಿದ್ದವರು ಅವರೇ ಎಂದು ನಂಬುವುದು ಕಷ್ಟವಾಗುತ್ತಿತ್ತು. ಒಂದು ರಾತ್ರಿಯಲ್ಲಿ ಅವರಿಗೆ ಗಂಡನ ಜೀವ ಸಿಕ್ಕಿತ್ತು. ಅವರದು ಹೋಗಿತ್ತು.

ನಾನು ಧಾರವಾಡದಿಂದ ರಜೆಗೆ ಬಂದಾಗ ಇನ್ನೊಂದು ನೋಡಿದೆ. ಕಾಕುವಿನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದವಾಖಾನೆಗೆ ಹೋಗೋಣ ಎಂದರೆ ನಾಲ್ಕು ದಿನ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ, ಆ ನಾಲ್ಕು ದಿನದ ಗತಿ ಏನು ಎನ್ನುತ್ತಿದ್ದರು. "ತಂಗಿ, ನನ್ನ ಬದಲಿ ನೀ ನೋಡು. ನಿನಗ ಒಬ್ಬಾಕಿಗೇ ಅವರ ಖೂನ ಸಿಕ್ಕದ" ಎಂದು ಅವ್ವನಿಗೆ ಹೇಳಿದ್ದರಂತೆ. ಅಂದಿನಿಂದ ಸುದ್ದಿಯ ಹೊತ್ತಿಗೆ ಅವ್ವ ಒಲೆ ಆರಿಸಿ ಬಂದು ಟಿವಿಯ ಮುಂದೆ ಕೂಡುತ್ತಿದ್ದಳು. ಕಾಕು ಪಕ್ಕದಲ್ಲಿ ಅವ್ವನ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು, ಟಿವಿಯ ಕಡೆಗಲ್ಲ, ಅವ್ವನ ಕಡೆಗೆ ಮುಖ ಮಾಡಿ ಕೂಡುತ್ತಿದ್ದರು. ಸುದ್ದಿ ಮುಗಿದು ಹವಾಮಾನ ಬಂದ ಮೇಲೆ ಅವ್ವ ಹೇಳುತ್ತಿದ್ದಳು. "ಇಲ್ಲ ವೈನಿ. ಇವತ್ತಿಲ್ಲ."

"ನೆಟ್ಟಗ ನೋಡಿದ್ಯಾ?"

"ನೋಡಿದೆ."

ಅವ್ವನ ಮುಖ ಆಗ ಹೇಗಿತ್ತು ಎಂದು ಎಷ್ಟು ಪ್ರಯತ್ನಿಸಿದರೂ ನನಗೆ ನೆನಪಾಗುವುದಿಲ್ಲ. ಟಿವಿಯ ನೀಲಿ ಬೆಳಕು ಮಾತ್ರ ಕಾಣುತ್ತದೆ.

ಕೊನೆಯ ತಿಂಗಳುಗಳಲ್ಲಿ ಕಾಕು ಹಾಸಿಗೆ ಹಿಡಿದರು. ಸುದ್ದಿ ಮುಗಿದೊಡನೆ ಅವ್ವ ಅವರ ಮನೆಗೆ ಹೋಗಿ ಕಿವಿಯ ಹತ್ತಿರ ಬಗ್ಗಿ ಅದೇ ಮಾತು ಹೇಳಿ ಬರುತ್ತಿದ್ದಳು. ಇವತ್ತಿಲ್ಲ. ಒಂದು ರಾತ್ರಿ ನಾನೂ ಜೊತೆಗಿದ್ದೆ. ಕಾಕುವಿನ ಬಾಯಿ ಒಣಗಿತ್ತು, ಕಣ್ಣು ಬಿಳಿ. ಅವ್ವ ಒಂದು ಮಾತು ಅನ್ನಬಹುದಿತ್ತು. ಹೌದು ವೈನಿ, ಬಂದಿದ್ರು, ನಿಂತಿದ್ರು ಎಂದಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು? ಅವ್ವ ಅನ್ನಲಿಲ್ಲ. ಇದನ್ನು ನಾನು ಎರಡು ಬಗೆಯಲ್ಲಿ ಓದಿ ನೋಡಿದ್ದೇನೆ. ಮೊದಲ ಸಲ ಸುಳ್ಳು ಹೇಳಿದವಳಾಗಿದ್ದರೆ, ಸಾಯುವವರ ಮುಂದೆ ಇನ್ನೊಂದು ಹೇಳುವುದು ಸುಲಭವಿತ್ತು. ಆದ್ದರಿಂದ ಅವಳು ಆ ರಾತ್ರಿ ನಿಜವಾಗಿ ನೋಡಿದ್ದಳು. ಅಥವಾ, ಮೊದಲ ಸಲದ ಸುಳ್ಳು ಏನು ಮಾಡಿತೆಂದು ದಿನಾ ಕಣ್ಣೆದುರು ನೋಡಿದವಳಾದ್ದರಿಂದ ಇನ್ನೊಂದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಎರಡೂ ಸರಿಯಾಗಿ ಕೂಡುತ್ತವೆ. ಅದೇ ನನ್ನ ಕಷ್ಟ.

ತೊಂಬತ್ತರ ದಶಕದ ನಡುವೆ ಕಾಕು ಹೋದರು. ಮುತ್ತೈದೆಯ ಸಾವು. ಹಸಿರು ಸೀರೆ ಉಡಿಸಿದರು, ಹೊಸ ಬಳೆ ತೊಡಿಸಿದರು, ಉಡಿ ತುಂಬಿದರು. ಓಣಿಯ ಹೆಂಗಸರೆಲ್ಲ ಸಾಲಾಗಿ ಬಂದು ಅವರ ಹಣೆಗೆ ಕುಂಕುಮ ಹಚ್ಚಿ, ಅದರಿಂದಲೇ ಒಂದು ಚಿಟಿಕೆ ತಮ್ಮ ಹಣೆಗೂ ಹಚ್ಚಿಕೊಂಡರು. ಗಂಡನಿಗಿಂತ ಮೊದಲು ಹೋದವಳ ಭಾಗ್ಯ ತಮಗೂ ಬರಲಿ ಎಂದು. ಅವರಲ್ಲಿ ಕೆಲವರು ಬಾಯಿಗೆ ಸೆರಗು ಹಿಡಿದುಕೊಂಡಿದ್ದರು. ಅಳುವಿಗೋ ಇನ್ನೊಂದಕ್ಕೋ... ಮೊದಲು ಹಚ್ಚಬೇಕಾದವಳು ಅವ್ವ. ಅವಳು ಕುಂಕುಮದ ಭರಣಿ ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ದೊಡ್ಡದಾಗಿ, ಕಾಕು ಹಚ್ಚಿಕೊಳ್ಳುತ್ತಿದ್ದಷ್ಟೇ ದೊಡ್ಡದಾಗಿ ಹಚ್ಚಿದಳು. ತನ್ನ ಹಣೆಗೆ ಹಚ್ಚಿಕೊಳ್ಳಲಿಲ್ಲ. ಅದನ್ನು ನಾನು ನೋಡಿದ್ದೇನೆ. ಇದೊಂದು ನನಗೆ ಖಾತ್ರಿ.

ಭಾವನವರು ಅಷ್ಟರಲ್ಲಿ ತೀರಿಕೊಂಡಿದ್ದರು. ತಮ್ಮನಿಗೆ ನೀರು ಬಿಡದೆಯೇ ಹೋದರು. ಅವರ ಮಗ ಕಾಕುವಿಗೆ ಬೆಂಕಿ ಕೊಟ್ಟ. ಕಾಕಾ ಬರಲಿಲ್ಲ. ಬರುತ್ತಾರೆ ಎಂದು ಆ ದಿನ ಬಾಗಿಲ ಕಡೆ ನೋಡಿದವಳು ನಾನೊಬ್ಬಳೇ ಅಲ್ಲ.

ಕಾಕಾ ಇದ್ದರೆ ಈಗ ನೂರರ ಹತ್ತಿರ. ಇರಲಾರರು. ಆದರೆ ಇಲ್ಲ ಎಂದು ಹೇಳಿದವರು ಯಾರೂ ಇಲ್ಲ. ಪಿತೃಪಕ್ಷದಲ್ಲಿ ನವಮಿಯ ದಿನ, ಗಂಡ ಇರುವಾಗಲೇ ಸತ್ತ ಹೆಂಗಸರಿಗೆಂದು ಅವಿಧವಾ ನವಮಿ ಮಾಡುತ್ತಾರೆ. ಮುತ್ತೈದೆಯೊಬ್ಬಳನ್ನು ಕರೆದು ಊಟಕ್ಕೆ ಹಾಕಿ ಸೀರೆ ಕೊಡುತ್ತಾರೆ. ಗಂಡ ಸತ್ತ ಮೇಲೆ ಅದು ನಿಲ್ಲುತ್ತದೆ. ಹುನಗುಂದದಿಂದ ಭಾವನವರ ಸೊಸೆ ವರ್ಷ ವರ್ಷ ಅವ್ವನಿಗೆ ಫೋನು ಮಾಡುತ್ತಾರೆ. ಈ ವರ್ಷವೂ ಮಾಡಿದರು. ಗುಜರಿ ಅಂಗಡಿಗೆ ಹೋಗಿ ಬಂದ ಮರುವಾರ ಅದು.

ಅವ್ವ ನನ್ನ ಜೊತೆಗೇ ಇರುತ್ತಾಳೆ. ಎಂಬತ್ತೈದು ದಾಟಿದೆ, ನೆನಪು ನನಗಿಂತ ಚುರುಕು. ಫೋನಿನ ದನಿ ನನಗೂ ಕೇಳುತ್ತಿತ್ತು. "ಈ ವರ್ಷನೂ ನವಮಿ ಮಾಡೂದೇನ್ರೀ ಅಜ್ಜಿ? ನಮ್ಮ ಮಗ ನಗ್ತಾನ್ರಿ. ಇನ್ನೂ ಎಲ್ಲಿ ಇರ್ತಾರ ಅಂತಾನ."

"ಮಾಡ್ರಿ" ಎಂದಳು ಅವ್ವ. ಫೋನು ಇಟ್ಟು, ಕಿಟಕಿಯ ಹತ್ತಿರ ಹೋಗಿ ಕೂತಳು.

ಇಷ್ಟು ವರ್ಷ ಕೇಳದೆ ಇದ್ದದ್ದು ಅಂಜಿಕೆಯಿಂದಲೋ ಮರ್ಯಾದೆಯಿಂದಲೋ ಹೇಳಲಾರೆ. ಹೌದು ಎಂದರೆ, ಒಬ್ಬ ಮನುಷ್ಯ ಹೆಂಡತಿಯನ್ನು ಬಿಟ್ಟು ಎಲ್ಲೋ ಒಂದು ಗುಂಪಿನಲ್ಲಿ ಆರಾಮಾಗಿ ನಿಂತಿದ್ದ ಎಂದಾಯಿತು. ಇಲ್ಲ ಎಂದರೆ, ಕಾಕುವನ್ನು ನಮ್ಮ ಪಡಸಾಲೆಯಲ್ಲಿ ಸಾಯುವವರೆಗೆ ಕೂಡಿಸಿದವಳು ನನ್ನ ಅವ್ವ ಎಂದಾಯಿತು. ಇವೆರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಎಂದು ನನಗೆ ಇಂದಿಗೂ ತಿಳಿದಿಲ್ಲ. ಆದರೂ ಅವಳ ಹತ್ತಿರ ನೆಲದ ಮೇಲೆ ಕೂತು ಕೇಳಿದೆ. ವಾರಗಳು ಕಳೆದವು. ಅವಳು ಊಟ ಮಾಡುತ್ತಾಳೆ, ದೇವರಿಗೆ ಬತ್ತಿ ಹೊಸೆಯುತ್ತಾಳೆ, ನನ್ನ ಜೊತೆ ಎಲ್ಲ ಮಾತಾಡುತ್ತಾಳೆ. ಇದಕ್ಕೆ ಮಾತ್ರ ಇನ್ನೂ ಏನೂ ಹೇಳಿಲ್ಲ.

"ಅವ್ವಾ, ಆವತ್ತ ನೀ ಖರೇನ ನೋಡಿದ್ಯಾ?"